ಗೀಸರ್‌ಗೆ ಟೈಮರ್: ‘ಆನ್’ ಅಲ್ಲ, ‘ಆಫ್’ ನೋಡಿ ಕೊಳ್ಳಿ

ಪ್ರಶ್ನೆ: ಹಾಸನದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ನಾನು ಬೆಂಗಳೂರಿನಲ್ಲಿದ್ದೇನೆ. ಅಲ್ಲಿರುವುದು 25 ಲೀಟರ್, 2000 ವಾಟ್ ಗೀಸರ್. ಅಪ್ಪ ಬೆಳಿಗ್ಗೆ 5ಕ್ಕೆ ಸ್ವಿಚ್ ಹಾಕುತ್ತಾರೆ, ಆಮೇಲೆ ಮರೆತೇಬಿಡುತ್ತಾರೆ. ಎಷ್ಟೋ ದಿನ ಮಧ್ಯಾಹ್ನ ಕೈ ತೊಳೆಯಲು ಹೋದಾಗ ನೆನಪಾಗುತ್ತದೆ. ವೈಫೈ ಸ್ಮಾರ್ಟ್ ಪ್ಲಗ್ ಹಾಕಿಸಿ ಇಲ್ಲಿಂದಲೇ ಆನ್-ಆಫ್ ಮಾಡೋಣ ಅಂದುಕೊಂಡೆ. ಭಾವ ಹೇಳುತ್ತಾರೆ, ಗೀಸರ್ ಯಾವಾಗಲೂ ಆನ್ ಇದ್ದರೇ ಕರೆಂಟ್ ಉಳಿತಾಯ ಅಂತ. ಊರಿನ ಎಲೆಕ್ಟ್ರಿಷಿಯನ್, ಆ ಪ್ಲಗ್ಗೆಲ್ಲ ಸುಟ್ಟುಹೋಗುತ್ತೆ ಅಂತಾರೆ. ಯಾರ ಮಾತು ಕೇಳಲಿ, ಯಾವುದನ್ನು ಕೊಳ್ಳಲಿ?

ಉತ್ತರ: ಎಲೆಕ್ಟ್ರಿಷಿಯನ್ ಮಾತು ಅರ್ಧ ನಿಜ. ಭಾವನ ಮಾತು ತಪ್ಪು, ಆದರೆ ನೀವು ಅಂದುಕೊಂಡಷ್ಟು ದೊಡ್ಡ ತಪ್ಪಲ್ಲ. ಬೆಂಗಳೂರಿನಿಂದ ಆನ್ ಮಾಡುವ ನಿಮ್ಮ ಯೋಚನೆ ಮಾತ್ರ ನನಗೆ ಇಷ್ಟವಾಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ. ಲೆಕ್ಕ ಇಲ್ಲದೆ ಟೈಮರ್ ಕೊಂಡರೆ ಆ್ಯಪ್ ಚೆನ್ನಾಗಿದೆ ಅಂತ ಕೊಂಡಂತಾಗುತ್ತದೆ.

ಹಾಸನದ ಚಳಿಗೆ ನಲ್ಲಿ ನೀರು 20 ಡಿಗ್ರಿ ಇದೆ ಅಂದುಕೊಳ್ಳಿ. 25 ಲೀಟರನ್ನು 60 ಡಿಗ್ರಿಗೆ ಏರಿಸಲು ಸುಮಾರು 1.16 ಯೂನಿಟ್ ಬೇಕು. 2000 ವಾಟ್ ಕಾಯಿಲ್ ಅದನ್ನು 35 ನಿಮಿಷದಲ್ಲಿ ಮುಗಿಸುತ್ತದೆ. ಆಮೇಲೆ ಥರ್ಮೋಸ್ಟಾಟ್ ತಾನೇ ಕರೆಂಟ್ ಕಡಿಯುತ್ತದೆ. ಅಂದರೆ ಸ್ವಿಚ್ ಮಧ್ಯಾಹ್ನದವರೆಗೆ ಆನ್ ಇದ್ದರೂ ಕಾಯಿಲ್ ಏಳು ಗಂಟೆ ಉರಿಯುವುದಿಲ್ಲ. ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಮರೆತ ದಿನ 14 ಯೂನಿಟ್ ಹೋಯಿತು ಅಂತ ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಹಾಗಾದರೆ ಹೋಗುವುದೆಷ್ಟು? ಬಿಸಿ ನೀರು ತುಂಬಿದ ಟ್ಯಾಂಕಿನಿಂದ ಶಾಖ ನಿಧಾನವಾಗಿ ಹೊರಗೆ ಸೋರುತ್ತದೆ. ಗೀಸರ್ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ಇದೇ ಲೆಕ್ಕ ಇರುತ್ತದೆ. ಒಳಗಿನ ನೀರು ಹೊರಗಿನ ಗಾಳಿಗಿಂತ 45 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 24 ಗಂಟೆಯಲ್ಲಿ ಎಷ್ಟು ಯೂನಿಟ್ ಸೋರುತ್ತದೆ ಅನ್ನುವುದನ್ನು ಅಲ್ಲಿ ಅಚ್ಚು ಮಾಡಿರುತ್ತಾರೆ. ನಕ್ಷತ್ರ ಜಾಸ್ತಿ ಇದ್ದಷ್ಟೂ ಆ ಅಂಕಿ ಚಿಕ್ಕದು. ಅಪ್ಪನಿಗೆ ಹೇಳಿ ಲೇಬಲ್‌ನ ಫೋಟೋ ತೆಗೆಸಿಕೊಳ್ಳಿ. ಸದ್ಯಕ್ಕೆ ನಿಮ್ಮ ಗೀಸರ್ ದಿನಕ್ಕೆ ಅರ್ಧ ಯೂನಿಟ್ ಸೋರುತ್ತದೆ ಅಂತ ಇಟ್ಟುಕೊಳ್ಳೋಣ.

ಭಾವ ಹೇಳಿದಂತೆ ಸದಾ ಆನ್ ಇಟ್ಟರೆ ತಿಂಗಳಿಗೆ 15 ಯೂನಿಟ್ ಸುಮ್ನೆ ಗಾಳಿಗೆ ಹೋಗುತ್ತದೆ. ತಣ್ಣಗಾದ ನೀರನ್ನು ಮತ್ತೆ ಕಾಯಿಸಲು ಜಾಸ್ತಿ ಕರೆಂಟ್ ಬೇಕು ಅನ್ನುವುದು ಅವರ ವಾದ ಇರಬೇಕು. ಅದು ಸರಿಯಲ್ಲ. ನೀರು ತಣ್ಣಗಾಗುತ್ತಾ ಹೋದಂತೆ ಸೋರುವ ವೇಗವೂ ಇಳಿಯುತ್ತದೆ. ಆದ್ದರಿಂದ ಆಫ್ ಇದ್ದ ಗೀಸರ್ ಯಾವತ್ತೂ ಆನ್ ಇದ್ದದ್ದಕ್ಕಿಂತ ಕಡಿಮೆಯೇ ಕಳೆದುಕೊಳ್ಳುತ್ತದೆ.

ಈಗ ಅಪ್ಪನ ಮರೆವಿನ ಲೆಕ್ಕ. ಇಲ್ಲೊಂದು ತಮಾಷೆ ಇದೆ. ಇಬ್ಬರ ಸ್ನಾನ ಏಳಕ್ಕೆ ಮುಗಿಯಿತು ಅನ್ನಿ. ಖಾಲಿಯಾದ ಜಾಗಕ್ಕೆ ತಣ್ಣೀರು ಬಂದು ತುಂಬಿಕೊಂಡಿತು. ಸ್ವಿಚ್ ಇನ್ನೂ ಆನ್ ಇದೆ. ಗೀಸರ್ ಪಾಪ, ಯಾರೋ ಇನ್ನೂ ಸ್ನಾನಕ್ಕೆ ಬರುತ್ತಾರೆ ಅಂತ ಅಷ್ಟೂ ನೀರನ್ನು ಮತ್ತೆ 60 ಡಿಗ್ರಿಗೆ ಏರಿಸುತ್ತದೆ. ಯಾರೂ ಬರುವುದಿಲ್ಲ. ಆ ಶಾಖ ಮಧ್ಯಾಹ್ನ, ಸಂಜೆ, ರಾತ್ರಿ ಸೋರುತ್ತಾ ಕೂರುತ್ತದೆ. ಮಧ್ಯಾಹ್ನ ಸ್ವಿಚ್ ತೆಗೆದರೂ ಅಷ್ಟೇ. ಮರುದಿನ ಬೆಳಿಗ್ಗೆ ಸ್ವಲ್ಪ ಬೆಚ್ಚಗೆ ಉಳಿದಿರುತ್ತದೆ, ಅದು ಲಾಭ. ಎಲ್ಲ ಕೂಡಿಸಿ ಕಳೆದರೆ ನಷ್ಟ ದಿನಕ್ಕೆ 0.4 ಯೂನಿಟ್ ಹತ್ತಿರ ಬರುತ್ತದೆ. ತಿಂಗಳಿಗೆ 12-13 ಯೂನಿಟ್. ಸದಾ ಆನ್ ಇಟ್ಟರೆ 15, ಮಧ್ಯಾಹ್ನದವರೆಗೆ ಮರೆತರೆ 13. ಅಪ್ಪನೂ ಭಾವನೂ ಹೆಚ್ಚುಕಡಿಮೆ ಒಂದೇ ಪಾರ್ಟಿ ಅಂತಾಯಿತು.

ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಎಂಬತ್ತು ರೂಪಾಯಿ ದಾಟುವುದಿಲ್ಲ. ಗೃಹಜ್ಯೋತಿಯಲ್ಲಿರುವ ಮನೆಯಾದರೆ ವಿಷಯ ಸ್ವಲ್ಪ ಬೇರೆ. ಅಲ್ಲಿ ನಿಮಗೆ ನಿಗದಿಯಾದ ಮಿತಿಯ ಅಂಚಿನಲ್ಲಿ ಈ 13 ಯೂನಿಟ್ ಬಿದ್ದರೆ ಕಿಸೆಗೆ ತಟ್ಟುತ್ತದೆ, ಅದರಲ್ಲೂ 200 ದಾಟಿಸಿದರೆ ಪೂರ್ತಿ ಬಿಲ್ ಕಟ್ಟಬೇಕು. ಇಬ್ಬರೇ ಇರುವ ಮನೆಗೆ ಆ ಭಯ ಕಡಿಮೆ.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟ. ಹಣ ಉಳಿಯಬೇಕಾದರೆ ಕೊನೆಯವರು ಸ್ನಾನಕ್ಕೆ ಇಳಿಯುವ ಮೊದಲೇ ಗೀಸರ್ ಆಫ್ ಆಗಿರಬೇಕು. ಸ್ನಾನ ಮುಗಿದ ಮೇಲೆ ಆಫ್ ಮಾಡಿದರೆ ಅಷ್ಟರಲ್ಲಿ ಅದು ಹೊಸ ನೀರನ್ನು ಕಾಯಿಸಲು ಶುರು ಮಾಡಿರುತ್ತದೆ. ಸುರಕ್ಷತೆಗೂ ಇದೇ ಮಾತು. ‘ಸ್ವಿಚ್ ತೆಗೆದು ನೀರು ಹುಯ್ಕೊ’ ಅಂತ ನಮ್ಮ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಆಗ ನನಗೆ ಕಿರಿಕಿರಿ. ಇಂಜಿನಿಯರಿಂಗ್ ಓದಿ ಮೂವತ್ತು ವರ್ಷ ವೈರಿಂಗ್ ಕೆಲಸ ನೋಡಿದ ಮೇಲೆ ನಾನೂ ಅದನ್ನೇ ಹೇಳುತ್ತಿದ್ದೇನೆ.

25 ಲೀಟರ್ ಸಾಲುತ್ತದೆಯೇ ಅನ್ನುತ್ತೀರಾ? 20 ಲೀಟರಿನ ಒಂದು ಬಕೆಟ್ ನೀರು 40 ಡಿಗ್ರಿ ಇದ್ದರೆ ಹಿತವಾದ ಸ್ನಾನ. ಅದಕ್ಕೆ 10 ಲೀಟರ್ ಬಿಸಿ ನೀರು, 10 ಲೀಟರ್ ತಣ್ಣೀರು. ಇಬ್ಬರಿಗೆ 20 ಲೀಟರ್ ಬಿಸಿ ನೀರು ಸಾಕು. ಒಂದೇ ಸಲ ಕಾಯಿಸಿ, ಆಫ್ ಮಾಡಿ, ಇಬ್ಬರೂ ಸ್ನಾನ ಮುಗಿಸಬಹುದು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ, ನೀರು ತುಂಬುವ ಹಬ್ಬದ ಮರುದಿನ ಮಕ್ಕಳು ಮೊಮ್ಮಕ್ಕಳೆಲ್ಲ ಬಂದಿರುವಾಗ ಇದು ನಡೆಯುವುದಿಲ್ಲ. ಆ ದಿನ ಟೈಮರ್ ಮಾತು ಕೇಳಬೇಡಿ, ಮತ್ತೊಮ್ಮೆ ಸ್ವಿಚ್ ಒತ್ತಿ. ಷವರ್ ಇದ್ದರೆ ಲೆಕ್ಕವೇ ಬೇರೆ. ನಿಮಿಷಕ್ಕೆ 8 ಲೀಟರ್ ಬಿಡುವ ಷವರ್ ಕೆಳಗೆ ಎಂಟು ನಿಮಿಷ ನಿಂತರೆ ಮೂರು ಬಕೆಟ್ ದಾಟುತ್ತದೆ. ಯಾವ ಟೈಮರ್ ಉಳಿಸುವುದಕ್ಕಿಂತಲೂ ಬಕೆಟ್ ಜಾಸ್ತಿ ಉಳಿಸುತ್ತದೆ.

ಸರಿ, ಸುಟ್ಟುಹೋಗುವ ವಿಷಯಕ್ಕೆ ಬರೋಣ. 2000 ವಾಟ್ ಅಂದರೆ 230 ವೋಲ್ಟ್‌ನಲ್ಲಿ 8.7 ಆಂಪ್. ವೋಲ್ಟೇಜ್ 250ಕ್ಕೆ ಏರಿದರೆ ಒಂಬತ್ತೂವರೆ ಆಂಪ್ ಹತ್ತಿರ. ಅದೂ ಫ್ರಿಜ್‌ನಂತೆ ಬಿಟ್ಟು ಬಿಟ್ಟು ಅಲ್ಲ, ಅರ್ಧ ಗಂಟೆ ಒಂದೇ ಸಮ ಹರಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಸ್ಮಾರ್ಟ್ ಪ್ಲಗ್‌ಗಳು 6 ಅಥವಾ 10 ಆಂಪ್‌ನವು. ಅವು ದೀಪಕ್ಕೆ, ಟಿವಿಗೆ, ಸೊಳ್ಳೆ ಬತ್ತಿಗೆ. 10 ಆಂಪ್‌ನದಕ್ಕೆ 8.7 ಹೇಗೂ ಕಡಿಮೆಯಲ್ಲವೇ ಅಂತ ಯಾರಾದರೂ ವಾದಿಸಿದರೆ ಒಪ್ಪಬೇಡಿ. ಗೀಸರ್‌ಗೆ 16 ಆಂಪ್‌ಗಿಂತ ಕೆಳಗಿನದನ್ನು ನೋಡಲೇಬಾರದು. 3000 ವಾಟ್‌ನ ಚಿಕ್ಕ ಇನ್‌ಸ್ಟಂಟ್ ಗೀಸರ್ 13 ಆಂಪ್ ಎಳೆಯುತ್ತದೆ. ಅದು ಮೂರು ಲೀಟರನ್ನು ಮೂರು ನಿಮಿಷದೊಳಗೆ ಕಾಯಿಸುವುದರಿಂದ ಅದಕ್ಕೆ ವೇಳಾಪಟ್ಟಿಯೇ ಬೇಕಿಲ್ಲ.

16 ಆಂಪ್ ಅಂತ ಬರೆದಿದ್ದರೂ ಮುಗಿಯಲಿಲ್ಲ. ನಾನು ನೋಡಿದ ಸುಟ್ಟ ಪ್ಲಗ್‌ಗಳಲ್ಲಿ ಹೆಚ್ಚಿನವು ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟು ಸುಟ್ಟದ್ದಲ್ಲ. ಸಾಕೆಟ್ ಸಡಿಲವಾಗಿ ಸುಟ್ಟದ್ದು. ಹತ್ತು ವರ್ಷದ ಹಳೆ ಸಾಕೆಟ್‌ನ ಒಳಗಿನ ಹಿತ್ತಾಳೆ ಪಟ್ಟಿ ಬಿಗಿ ಕಳೆದುಕೊಂಡಿರುತ್ತದೆ. ಅದರ ಮೇಲೆ ಭಾರದ ಸ್ಮಾರ್ಟ್ ಪ್ಲಗ್, ಪ್ಲಗ್ ಮೇಲೆ ಗೀಸರ್‌ನ ದಪ್ಪ ವೈರ್ ಜೋತು ಬೀಳುತ್ತದೆ. ಪಿನ್ ಅರ್ಧಂಬರ್ಧ ತಾಗುತ್ತದೆ. ಅಲ್ಲಿ ಬಿಸಿಯಾಗಿ, ಪ್ಲಾಸ್ಟಿಕ್ ಕಂದಾಗಿ, ಮೀನಿನಂಥ ವಾಸನೆ ಬರುತ್ತದೆ. ನಮ್ಮ ಮನೆಯಲ್ಲೇ ಒಮ್ಮೆ ಹೀಗಾಗಿತ್ತು. ಆ ವಾಸನೆ ಒಳಚರಂಡಿಯದ್ದು ಅಂತ ಎರಡು ದಿನ ಬಚ್ಚಲಿಗೆ ಫಿನಾಯಿಲ್ ಹುಯ್ದಿದ್ದೆವು. ನನ್ನಂಥವನ ಮನೆಯ ಕಥೆ ಇದು!

ಆದ್ದರಿಂದ ನಿಮ್ಮ ಎಲೆಕ್ಟ್ರಿಷಿಯನ್‌ನನ್ನು ದೂರ ಮಾಡಬೇಡಿ, ಅವರನ್ನೇ ಕರೆಸಿ. ಮೊದಲು ಸಾಕೆಟ್ ಬದಲಿಸಲಿ, ಐಎಸ್‌ಐ ಗುರುತಿನ 16 ಆಂಪ್‌ನದು. ಗೀಸರ್ ಲೈನ್ ತಾಮ್ರದ್ದೇ, ಕನಿಷ್ಠ 2.5 ಚದರ ಮಿಲಿಮೀಟರ್ ಇದೆಯೇ ನೋಡಲಿ. ಹೊಸದಾಗಿ ಎಳೆಸುವುದಾದರೆ 4 ಹಾಕಿಸಿ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದೆಯೇ ಪರೀಕ್ಷಿಸಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಾಮಾನ್ಯ ಸ್ಮಾರ್ಟ್ ಪ್ಲಗ್ ಒಂದೇ ತಂತಿಯನ್ನು ಕಡಿಯುತ್ತದೆ. ಅದಲುಬದಲಾದ ಸಾಕೆಟ್‌ನಲ್ಲಿ ಅದು ಕಡಿಯುವುದು ನ್ಯೂಟ್ರಲ್ ಅನ್ನು. ಆ್ಯಪ್‌ನಲ್ಲಿ ‘ಆಫ್’ ಅಂತ ಕಾಣುತ್ತದೆ, ಆದರೆ ಕಾಯಿಲ್‌ಗೆ ಫೇಸ್ ತಲುಪಿಯೇ ಇರುತ್ತದೆ. ಕಾಯಿಲ್ ಎಲ್ಲೋ ಬಿರುಕು ಬಿಟ್ಟು, ಅರ್ಥಿಂಗ್ ಕೂಡ ಸರಿ ಇಲ್ಲದಿದ್ದರೆ ನೀರಿನ ಮೂಲಕ ಶಾಕ್ ಹೊಡೆಯುತ್ತದೆ. ಸ್ನಾನದ ಮನೆಯಲ್ಲಿ ಜೀವ ಉಳಿಸುವುದು ಅರ್ಥಿಂಗ್ ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್. ಸ್ಮಾರ್ಟ್ ಪ್ಲಗ್ ಆ ಕೆಲಸಕ್ಕಲ್ಲ. ಹಾಸನದ ಮನೆಯಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಸ್ಮಾರ್ಟ್ ಪ್ಲಗ್‌ಗೆ ಇಟ್ಟ ದುಡ್ಡನ್ನು ಮೊದಲು ಅದಕ್ಕೆ ಖರ್ಚು ಮಾಡಿ.

ಗೀಸರ್ ಲೈನ್‌ಗೆ ಬಚ್ಚಲ ಹೊರಗೆ ಕೆಂಪು ದೀಪದ ದೊಡ್ಡ ಸ್ವಿಚ್ ಇರುತ್ತದಲ್ಲ, ನಮ್ಮವರು ಡಿಪಿ ಸ್ವಿಚ್ ಅನ್ನುತ್ತಾರೆ. ಅದು ಎರಡೂ ತಂತಿ ಕಡಿಯುತ್ತದೆ. ಏನೇ ಸ್ಮಾರ್ಟ್ ಹಾಕಿಸಿದರೂ ಅದನ್ನು ತೆಗೆಸಬೇಡಿ. ಅದರಿಂದ ಇನ್ನೊಂದು ಉಪಯೋಗವೂ ಇದೆ. ಹಳೆ ಮನೆಗಳ ಸ್ವಿಚ್‌ಬೋರ್ಡ್‌ನಲ್ಲಿ ಸ್ಮಾರ್ಟ್ ಸ್ವಿಚ್ ಹಾಕಲು ನ್ಯೂಟ್ರಲ್ ಸಿಗುವುದಿಲ್ಲ ಅನ್ನುವುದು ದೊಡ್ಡ ತಲೆನೋವು. ಡಿಪಿ ಸ್ವಿಚ್‌ನ ಡಬ್ಬಿಗೆ ಫೇಸ್, ನ್ಯೂಟ್ರಲ್ ಎರಡೂ ಬಂದಿರುತ್ತವೆ. ಸ್ಮಾರ್ಟ್ ಮಾಡ್ಯೂಲನ್ನು, ಅಂದರೆ ಪ್ಲಗ್ ಬದಲು ವೈರಿಗೇ ಜೋಡಿಸುವ ಚಿಕ್ಕ ಸ್ಮಾರ್ಟ್ ಸ್ವಿಚ್ಚನ್ನು, ಅಲ್ಲೇ, ಅದರ ಪಕ್ಕದ ಡಬ್ಬಿಯಲ್ಲಿ ಕೂರಿಸಬಹುದು. ನನ್ನ ಮತ ಇದಕ್ಕೇ. ಗೀಸರ್ ಪಕ್ಕದ ಸಾಕೆಟ್ ಬಚ್ಚಲ ಒಳಗೆ, ಹಬೆಯಲ್ಲಿ ಇರುತ್ತದೆ. ಅಲ್ಲಿ ಸ್ಮಾರ್ಟ್ ಪ್ಲಗ್ ನೇತುಹಾಕುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಒಂದೇ ತೊಂದರೆ, ಗೋಡೆಯೊಳಗಿನ ಕಬ್ಬಿಣದ ಡಬ್ಬಿ ವೈಫೈ ಸಿಗ್ನಲ್ ತಡೆಯುತ್ತದೆ. ಪ್ಲಾಸ್ಟಿಕ್ ಡಬ್ಬಿ ಹಾಕಿಸಿ. ಸಾಮಾನ್ಯವಾಗಿ ಈ ಸಾಧನಗಳಿಗೆ ಬೇಕಾಗುವುದು 2.4 ಗಿಗಾಹರ್ಟ್ಸ್ ವೈಫೈ. 5 ಗಿಗಾಹರ್ಟ್ಸ್‌ಗೆ ಸೇರಿಸಲು ಹೋಗಿ ಅರ್ಧ ದಿನ ಕಳೆದವರು ಬಹಳ ಜನ.

ಈಗ ಬೆಂಗಳೂರಿನಿಂದ ಆನ್ ಮಾಡುವ ವಿಷಯ. ಬೇಡ. ಪ್ಲಂಬರ್ ಬಂದು ಗೀಸರ್ ಬಿಚ್ಚಿ ಕೂತಿರುತ್ತಾನೆ. ಅಪ್ಪ ನಿಮಗೆ ಹೇಳಲು ಮರೆತಿರುತ್ತಾರೆ. ನೀವು ಆಫೀಸಿನಲ್ಲಿ ಕೂತು ಫೋನ್ ಒತ್ತುತ್ತೀರಿ. ಆಗೇನಾಗಬಹುದು ಅಂತ ವಿವರಿಸಬೇಕಿಲ್ಲ. ರಿಪೇರಿಗೆ ಟ್ಯಾಂಕ್ ಖಾಲಿ ಮಾಡಿದ್ದಾಗ ಆನ್ ಆದರೆ ಕಾಯಿಲ್ ಒಣಗಿ ಸುಟ್ಟುಹೋಗುತ್ತದೆ. ನಿಗದಿತ ಸಮಯಕ್ಕೆ ತಾನೇ ಆನ್ ಆಗುವ ವೇಳಾಪಟ್ಟಿಗೂ ಇದೇ ಅಪಾಯ. ಆನ್ ಮಾಡುವುದನ್ನು ಮನೆಯಲ್ಲಿರುವವರ ಕೈಗೇ ಬಿಡಿ. ಅಪ್ಪ ಮರೆಯುವುದು ಆಫ್ ಮಾಡಲು. ಯಂತ್ರಕ್ಕೆ ಅಷ್ಟೇ ಕೆಲಸ ಕೊಡಿ.

ಅದಕ್ಕೆ ಬೇಕಾದ ಸೌಲಭ್ಯದ ಹೆಸರು ‘ಆಟೋ ಆಫ್’, ಕೆಲವು ಆ್ಯಪ್‌ಗಳಲ್ಲಿ ‘ಇಂಚಿಂಗ್’. ‘ಕೌಂಟ್‌ಡೌನ್’ ಅಂತ ಇನ್ನೊಂದಿದೆ, ಅದು ಬೇರೆ. ಕೌಂಟ್‌ಡೌನನ್ನು ಪ್ರತಿ ದಿನ ಹೊಸದಾಗಿ ಕೊಡಬೇಕು. ಆಟೋ ಆಫ್ ಹಾಗಲ್ಲ. ಯಾವಾಗ, ಯಾರು ಆನ್ ಮಾಡಿದರೂ ಇಷ್ಟು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಅದರ ಜೊತೆಗೆ ‘ಕರೆಂಟ್ ಬಂದ ಕೂಡಲೇ ಯಾವ ಸ್ಥಿತಿಯಲ್ಲಿರಬೇಕು’ ಅನ್ನುವ ಸೆಟ್ಟಿಂಗ್ ಇರುತ್ತದೆ. ಎಲ್ಲರಿಗೂ ನಾನು ಅದನ್ನು ‘ಆಫ್’ ಇಡಿ ಅನ್ನುತ್ತೇನೆ. ನಿಮ್ಮ ಅಪ್ಪನಿಗೆ ಮಾತ್ರ ‘ಆನ್’ ಅನ್ನುತ್ತೇನೆ, ಆಟೋ ಆಫ್ ಜೊತೆಗಿದ್ದರೆ ಮಾತ್ರ.

ಯಾಕೆ ನೋಡಿ. ಅಪ್ಪ ಎಂದಿನಂತೆ 5ಕ್ಕೆ ಎದ್ದು ಡಿಪಿ ಸ್ವಿಚ್ ಹಾಕುತ್ತಾರೆ. ಅದರ ಮುಂದಿನ ಸ್ಮಾರ್ಟ್ ಮಾಡ್ಯೂಲ್‌ಗೆ ಜೀವ ಬರುತ್ತದೆ, ಅದು ಆನ್ ಆಗಿ 40 ನಿಮಿಷ ಎಣಿಸಿ ಆಫ್ ಆಗುತ್ತದೆ. ಅಪ್ಪನ ಅಭ್ಯಾಸದಲ್ಲಿ ಒಂದು ಚೂರೂ ಬದಲಾವಣೆಯಿಲ್ಲ. ಆ್ಯಪ್ ಕಲಿಸಬೇಕಿಲ್ಲ, ಫೋನ್ ಹುಡುಕಬೇಕಿಲ್ಲ. ಡಿಪಿ ತೆಗೆಯಲು ಮರೆತರೂ ಪರವಾಗಿಲ್ಲ. ಮರುದಿನ ಅದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮತ್ತೆ 40 ನಿಮಿಷ. ಡಿಪಿ ಹಾಕಿಯೇ ಇದ್ದು ಮಧ್ಯಾಹ್ನ ಕರೆಂಟ್ ಹೋಗಿ ಬಂದರೆ ಗೀಸರ್ ಒಮ್ಮೆ ಸುಮ್ನೆ ಕಾಯುತ್ತದೆ, ಅದೊಂದು ಕೊರತೆ. ಆದರೂ 40 ನಿಮಿಷಕ್ಕೆ ನಿಲ್ಲುತ್ತದೆ.

ಎಲ್ಲ ಮಾಡ್ಯೂಲ್‌ಗಳೂ ಈ ಎರಡು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಒಪ್ಪುವುದಿಲ್ಲ. ಅದಕ್ಕೇ ಕೊಂಡ ಕೂಡಲೇ ಹಾಸನಕ್ಕೆ ಒಯ್ಯಬೇಡಿ. ಬೆಂಗಳೂರಿನಲ್ಲೇ ಪರಿಚಯದ ಎಲೆಕ್ಟ್ರಿಷಿಯನ್ ಕೈಯಲ್ಲಿ ಅದಕ್ಕೊಂದು ಟೇಬಲ್ ಲ್ಯಾಂಪ್ ಜೋಡಿಸಿ, ಎರಡು ನಿಮಿಷದ ಆಟೋ ಆಫ್ ಇಟ್ಟು, ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಆಮೇಲೆ ವೈಫೈ ರೂಟರ್ ಆಫ್ ಮಾಡಿ ಮತ್ತೆ ಅದೇ ಪರೀಕ್ಷೆ ಮಾಡಿ. ಇಂಟರ್ನೆಟ್ ಇಲ್ಲದಾಗ ಆಟೋ ಆಫ್ ಕೆಲಸ ಮಾಡದಿದ್ದರೆ ವಾಪಸ್ ಕೊಡಿ. ಬೇರೆ ಏನೇ ಚೆಂದ ಇದ್ದರೂ ಬೇಡ.

ಅಪ್ಪನ ಮನೆಯಲ್ಲಿ ವೈಫೈ ಇಲ್ಲವೇ? ಹಾಗಾದರೆ ತೊಂದರೆಯೇ ಇಲ್ಲ. ಎಂಸಿಬಿ ಡಬ್ಬಿಯಲ್ಲಿ ಕೂರುವ ಡಿಜಿಟಲ್ ಟೈಮರ್ ಮತ್ತು 25 ಆಂಪ್‌ನ ಎರಡು ಪೋಲ್ ಕಾಂಟ್ಯಾಕ್ಟರ್ ಹಾಕಿಸಿ. ಟೈಮರ್ ಬರೀ ಕಾಂಟ್ಯಾಕ್ಟರ್‌ಗೆ ಸನ್ನೆ ಮಾಡುತ್ತದೆ, ಗೀಸರ್‌ನ ಭಾರ ಹೊರುವುದು ಕಾಂಟ್ಯಾಕ್ಟರ್. ಎರಡೂ ತಂತಿ ಕಡಿಯುತ್ತದೆ. ಗಟ್ಟಿಮುಟ್ಟು. ವೇಳಾಪಟ್ಟಿಯ ಟೈಮರ್ ಕೊಳ್ಳುವವರು ಒಳಗೆ ಬ್ಯಾಟರಿ ಇದೆಯೇ ಕೇಳಬೇಕು. ಮುಳ್ಳು ತಿರುಗುವ ಹಳೆ ಮಾದರಿಯ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಎರಡು ಗಂಟೆ ಕರೆಂಟ್ ಹೋದರೆ 5 ಗಂಟೆಯ ನೀರು 7ಕ್ಕೆ ಕಾಯುತ್ತದೆ. ಮಳೆಗಾಲದ ಹಾಸನದಲ್ಲಿ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಊಹಿಸಿ. ನಿಮಗೆ ವೇಳಾಪಟ್ಟಿ ಬೇಡ. ಸ್ವಿಚ್ ಹಾಕಿದ ಮೇಲೆ ಇಷ್ಟು ನಿಮಿಷ ಓಡಿ ನಿಲ್ಲುವ ಟೈಮರ್ ಬೇಕು ಅಂತ ಅಂಗಡಿಯವರಿಗೆ ಹೇಳಿ.

ಸ್ಮಾರ್ಟ್ ಮಾಡ್ಯೂಲನ್ನೇ ಆರಿಸಿಕೊಂಡರೆ ಸ್ವಲ್ಪ ಜಾಸ್ತಿ ಕೊಟ್ಟು ಯೂನಿಟ್ ಅಳೆಯುವಂಥದ್ದನ್ನು ತಗೊಳ್ಳಿ. ದೂರದಲ್ಲಿರುವ ಮಗನಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ. ಅರ್ಧ ಗಂಟೆಯ ಹೊತ್ತಿಗೆ 2000 ವಾಟ್‌ನಿಂದ ಸೊನ್ನೆಗೆ ಇಳಿದರೆ ಥರ್ಮೋಸ್ಟಾಟ್ ಸರಿ ಇದೆ. ಯಾರೂ ನೀರು ಬಳಸದಿದ್ದರೂ ಪೂರ್ತಿ 40 ನಿಮಿಷ ಇಳಿಯದೇ ಎಳೆಯುತ್ತಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ಇಲ್ಲವೇ ಬಿಸಿ ನೀರಿನ ನಲ್ಲಿ ಎಲ್ಲೋ ತೊಟ್ಟಿಕ್ಕುತ್ತಿರಬಹುದು.  ಥರ್ಮೋಸ್ಟಾಟ್ ಕೆಟ್ಟಾಗ ಉಳಿಸುವುದು ಗೀಸರ್ ಒಳಗಿನ ಥರ್ಮಲ್ ಕಟ್‌ಔಟ್ ಮತ್ತು ಸೇಫ್ಟಿ ವಾಲ್ವ್. ವಾಲ್ವ್‌ನಿಂದ ಹನಿ ಬೀಳುತ್ತದೆ ಅಂತ ಅದಕ್ಕೆ ಬಿರಡೆ ಹಾಕಿಸಿದ ಮಹಾನುಭಾವರನ್ನು ನೋಡಿದ್ದೇನೆ. ಅಂಥದ್ದೇನಾದರೂ ಆಗಿದೆಯೇ ನೋಡಿಸಿ. ಉಳಿತಾಯಕ್ಕೆ ಅಂತ ಗುಂಡಿಯನ್ನು 45 ಡಿಗ್ರಿಗೆ ಇಳಿಸಿ ಇಡುವುದೂ ಬೇಡ. ಉಗುರು ಬೆಚ್ಚಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಯಸ್ಸಾದವರ ಶ್ವಾಸಕೋಶಕ್ಕೆ ಅದು ಕೆಟ್ಟದ್ದು. 60 ಇರಲಿ.

ಒಂದು ಪಕ್ಕದ ಮಾತು. ಮುಂದೆ ಮನೆ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಅದರ ಬ್ಯಾಕ್‌ಅಪ್ ಕಾಯಿಲ್‌ಗೂ ಈ ಟೈಮರ್ ಬೇಕು, ಅಲ್ಲಿ ಉಳಿತಾಯವೂ ಜೋರು. 200 ಲೀಟರ್ ಟ್ಯಾಂಕನ್ನು 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್‌ಗೂ ಜಾಸ್ತಿ ಬೇಕು. ರಾತ್ರಿ ಕಾಯಿಲ್ ಆ ಕೆಲಸ ಮಾಡಿಟ್ಟರೆ ಬೆಳಿಗ್ಗೆ ಬಂದ ಸೂರ್ಯನಿಗೆ ಕೆಲಸವೇ ಇರುವುದಿಲ್ಲ. ನಾನು ಒಂದು ಆಷಾಢದಲ್ಲಿ ಹಾಕಿದ ಸ್ವಿಚ್ಚನ್ನು ಶ್ರಾವಣದ ಬಿಲ್ ನೋಡಿ ತೆಗೆದವನು.

ಮುಂದಿನ ಸಲ ಊರಿಗೆ ಹೋದಾಗ ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ಅಪ್ಪನ ಜೊತೆ ಎದ್ದು, ಸ್ವಿಚ್ ಹಾಕಿದ ಹೊತ್ತು ಬರೆದುಕೊಳ್ಳಿ. ಗೀಸರ್ ಮೈಮೇಲಿನ ಕಾಯುವ ದೀಪ ಆರಿದ ಹೊತ್ತೂ ಬರೆದುಕೊಳ್ಳಿ. ನಡುವೆ ಎಷ್ಟು ನಿಮಿಷವೋ ಅದಕ್ಕೆ ಐದು ಸೇರಿಸಿ, ಅದೇ ನಿಮ್ಮ ಆಟೋ ಆಫ್. ದೀಪ ಆರಿದ ಮೇಲೆ ಡಿಪಿ ಸ್ವಿಚ್ ಆಫ್ ಮಾಡಿ, ಗೀಸರ್ ಪ್ಲಗ್ ಕಿತ್ತು, ಪಿನ್ ಹತ್ತಿರ ಬೆರಳಿನ ಹಿಂಭಾಗ ತಂದು ನೋಡಿ. ಬೆಚ್ಚಗಿದ್ದರೆ ಸರಿ. ಚುರುಕ್ ಅಂದರೆ ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಸಾಕೆಟ್ ಬದಲಾಗುವವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಲಿ.